ಗುರುತಿಲ್ಲದ ಹಳೇ ರೇಸ್ ಕ್ಯಾಮ್‌ಶಾಫ್ಟ್, ಅಂಬಾಸಿಡರ್ 1489 ಎಂಜಿನ್ದಾ? ಗೊತ್ತಿರೋರು ಹೇಳಿ

ಸಕ್ಲೇಶ್ಪುರದ ಅಂಬಿ:

ನಮಸ್ಕಾರ ಎಲ್ಲರಿಗೂ. ದೊಡ್ಡಪ್ಪನ ತೋಟದ ಶೆಡ್ ಖಾಲಿ ಮಾಡುವಾಗ ಗೋಣಿ ತಾಟಲ್ಲಿ ಸುತ್ತಿ ದಪ್ಪಗೆ ಗ್ರೀಸ್ ಬಳಿದಿಟ್ಟಿದ್ದ ಒಂದು ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್ ತೆಗೆದು ಮುಚ್ಚಿಸೋ ಶಾಫ್ಟು) ಸಿಕ್ತು. ಅವ್ರು 70ರ ದಶಕದಲ್ಲಿ ಅಂಬಾಸಿಡರ್ ತಗೊಂಡು ಮದ್ರಾಸ್ ಹತ್ರದ ಶೋಲಾವರಂ ರೇಸಿಗೆ ಹೋಗ್ತಿದ್ರು ಅನ್ನೋದು ಮನೇಲಿ ಎಲ್ರಿಗೂ ಗೊತ್ತು, ಆದ್ರೆ ಎಂಜಿನ್ ಒಳಗೆ ಏನ್ ಹಾಕಿದ್ರು, ಯಾರ ಹತ್ರ ಮಾಡಿಸಿದ್ರು ಅಂತ ಕೇಳೋಣ ಅಂದ್ರೆ ಈಗ ಅವ್ರೂ ಇಲ್ಲ, ಅವ್ರ ಮೆಕ್ಯಾನಿಕ್ಕೂ ಇಲ್ಲ.

ಶಾಫ್ಟ್ ಮೇಲೆ ಒಂದು ನಂಬರ್ ಇಲ್ಲ, ಹೆಸರಿಲ್ಲ, ಪಾರ್ಟ್ ನಂಬರ್ ಇಲ್ಲ. ಹಿಂದಿನ ತುದೀಲಿ ಸೆಂಟರ್ ಪಂಚಲ್ಲಿ ಹೊಡೆದ ಎರಡು ಚುಕ್ಕೆ ಅಷ್ಟೇ. 8 ಲೋಬ್ (ವಾಲ್ವ್ ಎತ್ತೋ ಉಬ್ಬು), 3 ಜರ್ನಲ್ (ಬೇರಿಂಗಲ್ಲಿ ಕೂತು ತಿರುಗೋ ಭಾಗ). ನನ್ ಹತ್ರ ಅಂಬಾಸಿಡರ್ ಮಾರ್ಕ್ 2 ಇದೆ, ಅದ್ರಿಂದ ಬಿಚ್ಚಿದ ಸವೆದಿರೋ ಕ್ಯಾಮ್ ಪಕ್ಕಕ್ಕೆ ಇಟ್ಟು ನೋಡ್ದೆ, ಉದ್ದ ಒಂದೇ, ಮುಂದೆ ಕೀ ಕೂರೋ ಜಾಗನೂ ಒಂದೇ ತರ ಇದೆ. ಆದ್ರೆ ಲೋಬ್ ಆಕಾರನೇ ಬೇರೆ. ನಮ್ಮದು ಕೋಳಿಮೊಟ್ಟೆ ತರ ಮೂಗು (ಲೋಬಿನ ತುದಿ) ಚೂಪು, ಇದರ ಮೂಗು ಅಗಲ, ಪಕ್ಕೆ ಎಲ್ಲಾ ತುಂಬ್ಕೊಂಡಿದೆ. ಜೊತೆಗೆ ಹಿಂದಿನ ಜರ್ನಲ್ ಹತ್ರ ಒಂದು ಸಣ್ಣ ಗೇರ್ ಹಲ್ಲಿನ ಸಾಲು ಜಾಸ್ತಿ ಇದೆ, ನಮ್ ಕ್ಯಾಮ್‌ನಲ್ಲಿ ಅದಿಲ್ಲ. ಇದು ಯಾವ ಗಾಡೀದು, ನಿಜವಾಗ್ಲೂ ರೇಸ್ ಕ್ಯಾಮಾ, ಮತ್ತೆ ಮುಖ್ಯವಾಗಿ ನನ್ ಮಾರ್ಕ್ 2ಗೆ ಹಾಕ್ಬೋದಾ? ಊರಲ್ಲಿ ಒಬ್ರು ಮೇಸ್ತ್ರಿ ಇದು ಫಿಯೆಟ್‌ದು ಅಂತಾರೆ, ಇನ್ನೊಬ್ರು ಗುಜರಿಗೆ ಹಾಕು ಅಂತಾರೆ.

ಟೂ ಸ್ಟ್ರೋಕ್ ಮೈಸೂರು:

ಗುರು ಗುಜರಿಗೆ ಮಾತ್ರ ಹಾಕ್ಬೇಡ. ನಿಮ್ ದೊಡ್ಡಪ್ಪಂಗೆ ಜಾವಾನೂ ಇತ್ತಾ? ನಮ್ ಮೈಸೂರ್ ಜಾವಾ ರೇಸ್ ಕ್ಯಾಮ್ ಇರ್ಬೋದೇನೋ ಅಂತ ಒಂದು ಡೌಟು 😀

ಟೈಮಿಂಗ್ ಚೈನ್ ಬೆಂಗ್ಳೂರು:

ಮೇಲಿನವರ ತಮಾಷೆನ ಯಾರಾದ್ರೂ ನಿಜ ಅಂದ್ಕೊಂಡ್ಬಿಟ್ಟಾರು, ಮೈಸೂರ್ ಜಾವಾ ಯೆಜ್ಡಿ ಎಲ್ಲಾ ಟೂ ಸ್ಟ್ರೋಕ್, ಅದರಲ್ಲಿ ಕ್ಯಾಮೇ ಇಲ್ಲ. ಬುಲೆಟ್ಟೂ ಅಲ್ಲ, ಬುಲೆಟ್‌ನಲ್ಲಿ ಇನ್ಲೆಟ್ಟಿಗೊಂದು ಎಕ್ಸಾಸ್ಟಿಗೊಂದು ಬೇರೆ ಬೇರೆ ಕ್ಯಾಮ್ ಬರುತ್ತೆ. 8 ಲೋಬ್ ಅಂದ್ಮೇಲೆ ನಾಲ್ಕು ಸಿಲಿಂಡರ್ ಗಾಡಿ.

ಅಂಬಿ ಅವ್ರೇ, ಮೊದ್ಲು ಹೆಸರು ಹುಡ್ಕೋದು ಬಿಡಿ. ಆ ಕಾಲದ ರೇಸ್ ಕ್ಯಾಮ್‌ಗಳಲ್ಲಿ ಗುರುತಿಲ್ಲದವು ಎಷ್ಟೋ ಇವೆ, ಗ್ರೈಂಡ್ ಮಾಡಿದವರು ಬೇಕಂತ್ಲೇ ನಂಬರ್ ಹಾಕ್ತಿರ್ಲಿಲ್ಲ, ಎದುರು ಟೀಮಿನವನು ನೋಡ್ಬಾರ್ದು ಅಂತ ಇದ್ದ ನಂಬರ್ ಉಜ್ಜಿ ತೆಗೆದೋರೂ ಇದ್ರು. ಹಿಂದಿನ ಎರಡು ಚುಕ್ಕೆ ಗ್ರೈಂಡ್ ಮಾಡಿದವನದ್ದೂ ಆಗಿರ್ಬೋದು, ನಿಮ್ ದೊಡ್ಡಪ್ಪನ ಮೆಕ್ಯಾನಿಕ್ ಎರಡನೇ ಕ್ಯಾಮ್ ಅಂತ ಹೊಡ್ಕೊಂಡಿದ್ದೂ ಆಗಿರ್ಬೋದು, ಅದರ ಮೇಲೆ ಏನೂ ಕಟ್ಟೋಕಾಗಲ್ಲ. ಅಳತೆ ಒಂದೇ ದಾರಿ.

ವರ್ನಿಯರ್ ತಗೊಂಡು ಮೂರೂ ಜರ್ನಲ್ ಅಳೀರಿ. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ (ಬಿಎಂಸಿ) ಬಿ ಸೀರೀಸ್, ಅಂದ್ರೆ ಅಂಬಾಸಿಡರಲ್ಲಿರೋ ಎಂಜಿನ್ ಆದ್ರೆ ಮೂರೂ ಒಂದೇ ಸೈಜ್ ಇರಲ್ಲ, ಮುಂದಿಂದ ಹಿಂದಕ್ಕೆ ಹೋದ ಹಾಗೆ ಸಣ್ಣ ಆಗ್ತಾ ಹೋಗುತ್ತೆ, ಯಾಕಂದ್ರೆ ಕ್ಯಾಮ್ ಬ್ಲಾಕಿನ ಮುಂದಿನಿಂದ ಒಳಗೆ ತಳ್ಬೇಕಲ್ಲ. ಮುಂದಿನದು 45.4 ಎಂಎಂ, ನಡುವಿನದು 43.9, ಹಿಂದಿನದು 41.2 ಹತ್ರ ಬರ್ಬೇಕು. ಈ ಮೂರು ಕೂತ್ಕೊಂಡ್ರೆ ಫಿಯೆಟ್ಟಾ ಅಂಬಾಸಿಡರ್ರಾ ಅನ್ನೋ ಜಗಳ ಮುಗೀತು. ಆಮೇಲೆ ಲೋಬ್ ಸಾಲು ನೋಡಿ, ಮುಂದಿನಿಂದ ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಮತ್ತೆ ಅದೇ ತರ ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್ ಇರ್ಬೇಕು. ಒಂದನೇ ಸಿಲಿಂಡರಿನ ಇನ್ಲೆಟ್ ಮೂಗು ಮೇಲೆ ಇಟ್ಟು ಕ್ಯಾಮ್‌ನ ಓಡೋ ದಿಕ್ಕಿಗೇ ತಿರುಗಿಸ್ತಾ ಹೋಗಿ, 90 ಡಿಗ್ರಿಗೊಂದು ಇನ್ಲೆಟ್ ಮೇಲೆ ಬರ್ಬೇಕು, 1-3-4-2 ಅನ್ನೋ ಸಾಲಲ್ಲಿ. ಚೈನ್ ಡ್ರೈವ್ ಆದ್ದರಿಂದ ಕ್ಯಾಮ್ ಕ್ರ್ಯಾಂಕ್ ತಿರುಗೋ ದಿಕ್ಕಿಗೇ ತಿರುಗುತ್ತೆ, ಮುಂದೆ ನಿಂತು ನೋಡಿದ್ರೆ ಗಡಿಯಾರದ ದಿಕ್ಕು.

ಗೊತ್ತಿಲ್ಲದೋರಿಗೆ ಒಂದು ಮಾತು, ಅಂಬಾಸಿಡರಿಗೆ 1959ರಲ್ಲಿ ಬಂದ 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ನು ನಮ್ದೇನೂ ಅಲ್ಲ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಎಂಜಿ ಕಂಪನಿಯ ಮ್ಯಾಗ್ನೆಟ್, ಎಂಜಿಎ ಕಾರು ಎಲ್ಲದರಲ್ಲೂ ಇದ್ದ ಬಿ ಸೀರೀಸೇ, 73 ಎಂಎಂ ಬೋರು 88.9 ಎಂಎಂ ಸ್ಟ್ರೋಕು. ಆದ್ದರಿಂದ ಆ ಕಾಲದಲ್ಲಿ ಅಂಬಾಸಿಡರ್ ರೇಸ್ ಮಾಡೋರಿಗೆ ಎಂಜಿ ಸಾಮಾನು ಅಂದ್ರೆ ಬಂಗಾರ, ಸಿಕ್ರೆ ನೇರ ಕೂರ್ತಿತ್ತು.

ಸಕ್ಲೇಶ್ಪುರದ ಅಂಬಿ:

ತುಂಬಾ ಥ್ಯಾಂಕ್ಸ್ ಸರ್. ಅಳೆದೆ. 45.4, 43.9, 41.2. ನೀವು ಹೇಳಿದ್ದೇ ಬಂತು! ಲೋಬ್ ಸಾಲೂ ಸರಿ ಇದೆ, 1-3-4-2 ಕೂಡ. ಫಿಯೆಟ್ ಅಂದ ಮೇಸ್ತ್ರಿಗೆ ತೋರಿಸಿದ್ರೆ ನಿಮ್ ವರ್ನಿಯರ್ ಸರಿಯಿಲ್ಲ ಅಂದ್ರು. ಈಗ ರೇಸ್ ಕ್ಯಾಮ್ ಹೌದೋ ಅಲ್ವೋ ಹೇಗೆ ನೋಡೋದು? ಡಯಲ್ ಗೇಜ್ ಇದೆ, ಪಕ್ಕದ ವರ್ಕ್‌ಶಾಪಲ್ಲಿ ವಿ ಬ್ಲಾಕ್ ಕೊಡ್ತಾರೆ.

ಹುಬ್ಳಿ ಲೇತ್:

ಅಣ್ಣಾರ, ನಾ ಇಲ್ಲಿ ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ಡಯಲ್ ಗೇಜ್ ತುದಿ ಸಣ್ಣ ಗುಂಡ ಇರ್ತದಲ್ರಿ, ಅದನ್ನ ನೇರ ಲೋಬ್ ಮ್ಯಾಲ ಇಟ್ಟು ಅಳದ್ರ ಲಿಫ್ಟ್ (ಎಷ್ಟ ಎತ್ತರ ಏಳತದ) ಸರಿ ಬರ್ತದ ಆದ್ರ ಡ್ಯುರೇಶನ್ (ಎಷ್ಟ ಡಿಗ್ರಿ ತನಕ ಎದ್ದಿರ್ತದ) ಕಡಿಮಿ ತೋರಸ್ತದ. ಯಾಕಂದ್ರ ಈ ಎಂಜಿನ್ನಿನ ಟ್ಯಾಪೆಟ್ (ಲೋಬ್ ಮ್ಯಾಲ ಕೂತು ಏಳೂ ಇಳಿಯೂ ತುಂಡು) ತಳಾ ಅಗಲ ಐತಿ, ಲೋಬ್ ಪಕ್ಕಿ ಬಂದು ಟ್ಯಾಪೆಟ್ಟಿನ ಅಂಚಿಗೆ ಮೊದಲ ತಾಗ್ತದ, ನಟ್ಟ ನಡುವ ಅಲ್ಲ. ಚೂಪು ತುದಿಗೆ ಅದು ಗೊತ್ತಾಗೂದಿಲ್ಲ, ಅದು ಲೇಟಾಗಿ ಎದ್ದು ಲಗೂ ಇಳೀತದ. ಭಾಳ ಮಂದಿ ಇಲ್ಲೇ ಹಾದಿ ತಪ್ಪತಾರ, ಛಲೋ ರೇಸ್ ಕ್ಯಾಮ್ ಹಿಡಕೊಂಡು ಸ್ಟಾಕ್ (ಕಾರ್ಖಾನಿಯಿಂದ ಬಂದದ್ದು) ಐತಿ ಅಂತ ಮಾರಿಬಿಡ್ತಾರ.

ಅದಕ್ಕ ಏನ್ ಮಾಡ್ರಿ ಅಂದ್ರ ನಿಮ್ಮ ಹಳೇ ಅಂಬಾಸಿಡರ್ ಟ್ಯಾಪೆಟ್ ಒಂದು ತಗೋರಿ, ತಳಾ ಸವದು ಕುಳಿ ಬಿದ್ದಿರಬಾರದು, ಒಂದು ಹಿತ್ತಾಳಿ ಇಲ್ಲಾ ಕಟಗಿ ತುಂಡಿನಾಗ ಅದು ಸಡಿಲಿಲ್ಲದಂಗ ಮ್ಯಾಲ ಕೆಳಗ ಆಡೂ ಹಂಗ ತೂತು ಕೊರೀರಿ, ಅದನ್ನ ಲೋಬ್ ನೆತ್ತಿ ಮ್ಯಾಲ ಸರಿಯಾಗಿ ನಡುವ ನಿಲ್ಲಸ್ರಿ, ಟ್ಯಾಪೆಟ್ ಒಳಗ ಡಯಲ್ ಗೇಜ್ ಕಡ್ಡಿ ಇಳಿಬಿಡ್ರಿ. ಶಾಫ್ಟ್ ಮುಂದ ಒಂದು ಡಿಗ್ರಿ ಡಿಸ್ಕ್ ಕಟ್ರಿ, ಡಿಸ್ಕ್ ಇರಲಿಲ್ಲಂದ್ರ ಹಳೇ ಸಿಡಿಗೆ ಪ್ರಿಂಟ್ ಹೊಡದು ಅಂಟಸಿದ್ರೂ ನಡೀತದ. ಮತ್ತ ನೆನಪಿರ್ಲಿ, ಕ್ಯಾಮ್ ಮ್ಯಾಲ ಬರೂ ಡಿಗ್ರಿ ಅರ್ಧ ರೀ, ಎಂಜಿನ್ ಲೆಕ್ಕಕ್ಕ ಬೇಕಂದ್ರ ಎರಡಪಟ್ಟ ಮಾಡ್ರಿ.

ಟೈಮಿಂಗ್ ಚೈನ್ ಬೆಂಗ್ಳೂರು:

ಹುಬ್ಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಅದೇ ತರ ಮಾಡಿ ಈ ನಾಲ್ಕು ಬರ್ಕೊಳ್ಳಿ: ಲೋಬ್ ಲಿಫ್ಟು, ಟ್ಯಾಪೆಟ್ 1.27 ಎಂಎಂ ಅಂದ್ರೆ 50 ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಎದ್ದಾಗಿಂದ ಮತ್ತೆ ಅಷ್ಟಕ್ಕೇ ಇಳಿಯೋವರೆಗೆ ಎಷ್ಟು ಡಿಗ್ರಿ, ಒಂದೇ ಸಿಲಿಂಡರಿನ ಇನ್ಲೆಟ್ ಮೂಗಿಗೂ ಎಕ್ಸಾಸ್ಟ್ ಮೂಗಿಗೂ ನಡುವೆ ಎಷ್ಟು ಡಿಗ್ರಿ, ಬೇಸ್ ಸರ್ಕಲ್ ಅಂದ್ರೆ ಲೋಬಿನ ಹಿಂದಿನ ಗುಂಡು ಭಾಗ ನಿಮ್ ಹಳೇ ಕ್ಯಾಮ್‌ಗಿಂತ ಎಷ್ಟು ಸಣ್ಣ. ಮೂರನೇದು ಮಾತ್ರ ಕ್ಯಾಮ್ ಡಿಗ್ರೀಲೇ ಇಟ್ಕೊಳ್ಳಿ, ಎರಡುಪಟ್ಟು ಮಾಡ್ಬೇಡಿ. ಮೂಗಿನ ತುದೀನ ಕಣ್ಣಂದಾಜಲ್ಲಿ ಹಿಡೀಬೇಡಿ, ತುದೀಲಿ ಗೇಜ್ ಮುಳ್ಳು ಸುಮಾರು ಹೊತ್ತು ಅಲ್ಲಾಡೋದೇ ಇಲ್ಲ. ಎರಡೂ ಕಡೆ ಒಂದೇ ಎತ್ತರಕ್ಕೆ ಎಷ್ಟು ಡಿಗ್ರಿ ಅಂತ ಬರ್ಕೊಂಡು ನಡು ತೆಗೀರಿ.

ಇನ್ನೊಂದು, ನಾಲ್ಕೂ ಇನ್ಲೆಟ್ ಅಳೀರಿ, ಒಂದನ್ನ ಅಳೆದು ಬಿಡ್ಬೇಡಿ. ಬಿ ಸೀರೀಸ್ ಹೆಡ್ಡಲ್ಲಿ 1 ಮತ್ತು 2ಕ್ಕೆ ಒಂದೇ ಇನ್ಲೆಟ್ ಪೋರ್ಟು, 3 ಮತ್ತು 4ಕ್ಕೆ ಒಂದು. ಒಬ್ಬರ ಗಾಳಿ ಇನ್ನೊಬ್ಬರು ಕದಿಯೋ ವ್ಯವಹಾರ. ಇದೇ ತರ ಪೋರ್ಟ್ ಇರೋ ಮಿನಿ ಎಂಜಿನ್‌ಗಳಿಗೆ ಕೆಲವರು ಒಳಗಿನ ಹೊರಗಿನ ಸಿಲಿಂಡರಿಗೆ ಬೇರೆ ಬೇರೆ ಟೈಮಿಂಗ್ ಇಟ್ಟು ಕ್ಯಾಮ್ ಮಾಡಿದ್ದಾರೆ, ನಿಮ್ಮದೂ ಹಾಗಿದ್ರೆ ಅದೇ ದೊಡ್ಡ ಗುರುತು.

ಹೋಲಿಸೋಕೆ ಲೆಕ್ಕ ಕೊಡ್ತೀನಿ. ಮಾಮೂಲಿ ಆಕ್ಸ್‌ಫರ್ಡ್ ಟೈಮಿಂಗ್ 5-45-40-10, ಅಂದ್ರೆ ಇನ್ಲೆಟ್ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರೋ ಜಾಗ) 5 ಡಿಗ್ರಿ ಮುಂಚೆ ತೆಗೆದು ಬಿಡಿಸಿ (ಪೂರ್ತಿ ಕೆಳಗಿರೋ ಜಾಗ) ಆಗಿ 45ಕ್ಕೆ ಮುಚ್ಚುತ್ತೆ, ಎಕ್ಸಾಸ್ಟ್ ಬಿಡಿಸಿಗೆ 40 ಮುಂಚೆ ತೆಗೆದು ಟಿಡಿಸಿ ಆಗಿ 10ಕ್ಕೆ ಮುಚ್ಚುತ್ತೆ, ಒಟ್ಟು 230 ಡಿಗ್ರಿ. ಎಂಜಿಎದು 16-56-51-21, ಒಟ್ಟು 252, ವಾಲ್ವ್ ಲಿಫ್ಟ್ 357 ಥೌ ಅಂದ್ರೆ 9 ಎಂಎಂ ಚಿಲ್ಲರೆ. ರಾಕರ್ ರೇಶಿಯೋ (ಲೋಬ್ ಎತ್ತಿದ್ದನ್ನ ರಾಕರ್ ಎಷ್ಟು ಪಟ್ಟು ಮಾಡಿ ವಾಲ್ವಿಗೆ ಕೊಡುತ್ತೆ ಅನ್ನೋದು) ಸುಮಾರು 1.42 ಇರೋದ್ರಿಂದ ಲೋಬ್ ಮೇಲೆ ಅದು 250 ಥೌ, 6.35 ಎಂಎಂ. ಮಜಾ ಏನಂದ್ರೆ ಎರಡರಲ್ಲೂ ಇನ್ಲೆಟ್ ಎಕ್ಸಾಸ್ಟ್ ಮೂಗಿನ ನಡುವಿನ ಅಂತರ ಒಂದೇ, 107.5 ಡಿಗ್ರಿ. ಬೇಕಿದ್ರೆ ನೀವೇ ಲೆಕ್ಕ ಹಾಕಿ ನೋಡಿ. ಹೆಚ್ಚು ಕಮ್ಮಿ ಇದ್ರೆ ಕಾರ್ಖಾನೆ ಕ್ಯಾಮ್ ಅಲ್ಲ ಅಂತ ಲೆಕ್ಕ. (ಇಲ್ಲಿ ಡಿಗ್ರಿ ಎಲ್ಲಾ ವಾಲ್ವ್ ಸೀಟಿಂದ ಏಳೋ ಲೆಕ್ಕ, 50 ಥೌ ಲೆಕ್ಕದ್ದು ಯಾವಾಗ್ಲೂ ಇದಕ್ಕಿಂತ ಕಮ್ಮಿ ಬರುತ್ತೆ, ಎರಡನ್ನೂ ಬೆರೆಸ್ಬೇಡಿ.)

ಸಕ್ಲೇಶ್ಪುರದ ಅಂಬಿ:

ಸರ್ ಆಯ್ತು. ಹಲಸಿನ ಮರದ ತುಂಡಲ್ಲಿ ಟ್ಯಾಪೆಟ್ ಗೈಡ್ ಮಾಡ್ದೆ, ಚೆನ್ನಾಗೇ ಕೂತ್ಕೊಂತು. ರಿಸಲ್ಟು ನೋಡಿ.

ಲೋಬ್ ಲಿಫ್ಟ್ ಎಂಟರಲ್ಲೂ 7.4 ಎಂಎಂ, ಹಿಂದಿನ ಎಕ್ಸಾಸ್ಟ್ ಒಂದು ಮಾತ್ರ 7.3. 50 ಥೌನಲ್ಲಿ ಕ್ಯಾಮ್ ಮೇಲೆ 121 ಡಿಗ್ರಿ, ಅಂದ್ರೆ 242. ನಾಲ್ಕೂ ಇನ್ಲೆಟ್ ಒಂದೇ ತರ, ಒಳಗೆ ಹೊರಗೆ ವ್ಯತ್ಯಾಸ ಇಲ್ಲ. ಮೂಗಿಂದ ಮೂಗಿಗೆ 106. ಬೇಸ್ ಸರ್ಕಲ್ ನಮ್ ಹಳೇದಕ್ಕಿಂತ ಎರಡು ಎಂಎಂ ಹತ್ರ ಸಣ್ಣ. ಇನ್ನೊಂದು ಗಮನಿಸಿದ್ದು, ಬೇಸ್ ಸರ್ಕಲ್ ಪಕ್ಕದಲ್ಲಿ ಶಾಫ್ಟಿನ ಒರಟು ಎರಕದ ಮೈ ಇದ್ಯಲ್ಲ, ಅಲ್ಲಿ ಕೆಲವು ಕಡೆ ಗ್ರೈಂಡಿಂಗ್ ಕಲ್ಲು ತಾಗಿ ಹೊಳಪಿನ ಪಟ್ಟಿ ಬಿದ್ದಿದೆ.

ಎಂಜಿಎ ಕನ್ನಡಿಗ:

ಈ ಥ್ರೆಡ್ ನೋಡಿ ಲಾಗಿನ್ ಆಗ್ಲೇಬೇಕಾಯ್ತು. ನಾನು ಇಂಗ್ಲೆಂಡಲ್ಲಿರೋದು, ಮೂಲ ತುಮಕೂರು, ಹಳೇ ಎಂಜಿಎ ಒಂದನ್ನ ಇಟ್ಕೊಂಡು ಒದ್ದಾಡ್ತಾ ಇದ್ದೀನಿ. ಯಾರೂ ಆ ಹಿಂದಿನ ಸಣ್ಣ ಗೇರ್ ಬಗ್ಗೆ ಮಾತಾಡ್ತಿಲ್ವಲ್ಲ! ಅದೇ ಇಲ್ಲಿ ದೊಡ್ಡ ಸಾಕ್ಷಿ. ಎಂಜಿಎ ಕಾರಿನ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸೋ ಮೀಟರ್) ಎಲೆಕ್ಟ್ರಿಕ್ ಅಲ್ಲ, ಕೇಬಲ್‌ದು, ಬ್ಲಾಕಿನ ಎಡಗಡೆ ಹಿಂಭಾಗದಲ್ಲಿ ಒಂದು ಪುಟ್ಟ ಗೇರ್ ಡಬ್ಬಿ ಕೂತಿರುತ್ತೆ, ಅದಕ್ಕೆ ತಿರುಗೋ ಬಲ ಬರೋದು ಕ್ಯಾಮ್‌ಶಾಫ್ಟ್ ಮೇಲಿನ ಆ ಹಲ್ಲುಗಳಿಂದ. ಇಲ್ಲಿ ಎಂಜಿಎಗೆ ಅದರ ನಂತರದ ಮಾಡೆಲ್ ಎಂಜಿಬಿಯ ಕ್ಯಾಮ್ ಹಾಕಿದೋರು ಟ್ಯಾಕೋ ಸತ್ತೋಯ್ತು ಅಂತ ಗೋಳಾಡೋದು ಇದಕ್ಕೇ. ಅಂಬಾಸಿಡರಿಗೆ ಟ್ಯಾಕೋಮೀಟರೇ ಇರ್ಲಿಲ್ಲ, ಅದಕ್ಕೆ ನಿಮ್ ಹಳೇ ಕ್ಯಾಮ್‌ನಲ್ಲಿ ಆ ಹಲ್ಲಿಲ್ಲ.

ಹಾಗಾಗಿ ನನ್ ಲೆಕ್ಕದಲ್ಲಿ ಇದು 1955ರಿಂದ 62ರ ನಡುವಿನ ಎಂಜಿಎ ಕ್ಯಾಮ್, ಆಮೇಲೆ ಯಾರೋ ರೀಗ್ರೈಂಡ್ ಮಾಡಿದ್ದಾರೆ, ಅಂದ್ರೆ ಲೋಬನ್ನ ಮತ್ತೆ ಉಜ್ಜಿ ಆಕಾರ ಬದಲಿಸಿದ್ದಾರೆ. ಕಾರ್ಖಾನೆಯಿಂದ ಬಂದ ಹಾಗೇ ಇದ್ದಿದ್ರೆ ಲೋಬ್ 6.35 ಇರ್ಬೇಕಿತ್ತು, ನಿಮ್ಮದು 7.4. ಹಳೇ ಕ್ಯಾಮ್‌ನಲ್ಲಿ ಮೂಗಿಗೆ ಲೋಹ ಸೇರಿಸೋಕೆ ಆಗಲ್ವಲ್ಲ, ಲಿಫ್ಟ್ ಜಾಸ್ತಿ ಬೇಕಂದ್ರೆ ಹಿಂದಿನ ಗುಂಡನ್ನೇ ಇಳಿಸ್ಬೇಕು, ಅದಕ್ಕೇ ಬೇಸ್ ಸರ್ಕಲ್ ಸಣ್ಣ ಆಗಿದೆ, ಕಲ್ಲು ಶಾಫ್ಟ್ ಮೈಗೆ ತಾಗಿದ ಹೊಳಪು ಪಟ್ಟಿನೂ ಅದನ್ನೇ ಹೇಳುತ್ತೆ. ಹೊಸ ಬ್ಲ್ಯಾಂಕಿಂದ (ಇನ್ನೂ ಲೋಬ್ ಉಜ್ಜದ ಶಾಫ್ಟಿಂದ) ಮಾಡಿದ ಕ್ಯಾಮ್ ಆಗಿದ್ರೆ ಅಷ್ಟು ಕೆಳಗೆ ಹೋಗೋ ಅವಶ್ಯಕತೆ ಇರ್ತಿರ್ಲಿಲ್ಲ. ಗ್ರೈಂಡ್ ಮಾಡಿದ್ದು ಇಂಗ್ಲೆಂಡಲ್ಲೋ ಮದ್ರಾಸಲ್ಲೋ ಅನ್ನೋದನ್ನ ಲೋಹ ನೋಡಿ ಹೇಳೋಕಾಗಲ್ಲ, ಹೇಳೋರು ಸಿಕ್ರೆ ನಂಬ್ಬೇಡಿ.

ಸಕ್ಲೇಶ್ಪುರದ ಅಂಬಿ:

ಅಬ್ಬಾ, ಮೈ ಜುಂ ಅಂತು ಸರ್. ಹಾಗಾದ್ರೆ ನನ್ ಮಾರ್ಕ್ 2ಗೆ ಹಾಕಿ ಓಡಿಸ್ಲಾ? ಜರ್ನಲ್ ಕೂರುತ್ತೆ, ಗೇರ್ ಕೂರುತ್ತೆ, ಶಿರಾಡಿ ಘಾಟಲ್ಲಿ ಒಂದು ರೌಂಡ್ ಹೊಡೀಬೇಕು ಅಂತ ಆಸೆ.

ಟೈಮಿಂಗ್ ಚೈನ್ ಬೆಂಗ್ಳೂರು:

ಕೂರುತ್ತೆ. ಓಡುತ್ತಾ ಅನ್ನೋದು ಬೇರೆ ಪ್ರಶ್ನೆ. ಘಾಟಿಗೆ ಅಂತೂ ಇದಕ್ಕಿಂತ ಕೆಟ್ಟ ಕ್ಯಾಮ್ ಹುಡುಕಿದ್ರೂ ಸಿಗಲ್ಲ.

ನೋಡಿ 50 ಥೌನಲ್ಲಿ 242 ಅಂದ್ರೆ ಸೀಟಿಂದ ಸೀಟಿಗೆ ಅಂದಾಜು 290 ಡಿಗ್ರಿ ಹತ್ರ. ಇನ್ಲೆಟ್ ಮೂಗನ್ನ ಟಿಡಿಸಿ ಆಗಿ 106ರಲ್ಲಿ ಇಟ್ರೆ ಇನ್ಲೆಟ್ 39ಕ್ಕೆ ತೆಗೆದು 71ಕ್ಕೆ ಮುಚ್ಚುತ್ತೆ. ಸ್ಟಾಕಲ್ಲಿ 45ಕ್ಕೆ ಮುಚ್ತಿತ್ತು. ಪಿಸ್ಟನ್ ಮೇಲಕ್ಕೆ ಬರ್ತಾ ಇದ್ರೂ ವಾಲ್ವ್ ತೆಗೆದೇ ಇರುತ್ತೆ, ಅಷ್ಟೂ ಹೊತ್ತು ಎಳ್ಕೊಂಡ ಮಿಕ್ಸ್ಚರ್ ವಾಪಸ್ ಕಾರ್ಬುರೇಟರ್ ಕಡೆ ಹೋಗುತ್ತೆ. 165 ಎಂಎಂ ಕನೆಕ್ಟಿಂಗ್ ರಾಡ್ ಇಟ್ಕೊಂಡು ಲೆಕ್ಕ ಹಾಕಿದ್ರೆ ಸ್ಟಾಕ್ ಕ್ಯಾಮ್‌ನಲ್ಲಿ ನಿಜವಾಗಿ ಕಂಪ್ರೆಸ್ ಆಗೋ ಸ್ಟ್ರೋಕು 88.9ರಲ್ಲಿ 79 ಎಂಎಂ, ಇದರಲ್ಲಿ ಬರೀ 64. ಮಾರ್ಕ್ 2 ಕಂಪ್ರೆಶನ್ ರೇಶಿಯೋ (ಮಿಕ್ಸ್ಚರ್ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) ಪೇಪರ್ ಮೇಲೆ 7.2. ಸ್ಟಾಕ್ ಕ್ಯಾಮ್‌ನಲ್ಲಿ ಅದು ನಿಜಕ್ಕೂ 6.5 ಆಗಿ ಕೆಲಸ ಮಾಡುತ್ತೆ, ಈ ಕ್ಯಾಮ್ ಹಾಕಿದ್ರೆ 5.5. ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಸತ್ತ ಹಾಗೇ, ಸೆಕೆಂಡ್ ಗೇರಲ್ಲಿ ಲಾರಿ ಹಿಂದೆ ಹತ್ತುವಾಗ ಕೆಮ್ಮುತ್ತೆ, ಐಡಲ್ ನಿಲ್ಲಲ್ಲ, ಪೆಟ್ರೋಲ್ ಕುಡಿಯೋದು ಬೇರೆ.

ಬರೀ ಸ್ಟಾಕಿನ 6.5ಕ್ಕೆ ವಾಪಸ್ ಬರೋಕೇ ಪೇಪರ್ ಮೇಲೆ 8.6 ಬೇಕು. ಅದಕ್ಕೆ ಒಂದೊಂದು ಸಿಲಿಂಡರಿಗೆ ಕಂಬಶ್ಚನ್ ಜಾಗ 60 ಸಿಸಿಯಿಂದ 49ಕ್ಕೆ ಇಳೀಬೇಕು. 11 ಸಿಸಿನ ಬರೀ ಹೆಡ್ ಉಜ್ಜಿ ತೆಗೆಯೋ ಧೈರ್ಯ ಯಾರೂ ಮಾಡ್ಬೇಡಿ, ಪಿಸ್ಟನ್ ಬದಲಾಯಿಸ್ಬೇಕು. ರೇಸಿಗೆ ಅಂತ 9.5 ಇಟ್ರೆ ಆಗ 7.1 ಬರುತ್ತೆ, ನಿಮ್ ದೊಡ್ಡಪ್ಪನ ಗಾಡಿ ಖಂಡಿತಾ ಹಾಗೇ ಏನೋ ಇದ್ದಿರ್ಬೇಕು, ಜೊತೆಗೆ ಎರಡು ಕಾರ್ಬುರೇಟರು. ಶೋಲಾವರಂ ಅಂದ್ರೆ ಯುದ್ಧಕಾಲದ ವಿಮಾನ ಇಳಿಯೋ ಪಟ್ಟಿ, ಸಪಾಟು, ಅಲ್ಲಿ ಟಾಪ್ ಗೇರಲ್ಲಿ ಅಮುಕಿ ಹಿಡಿಯೋ ಜಾಗ ಇತ್ತು, ಈ ಕ್ಯಾಮ್‌ಗೆ ಅರ್ಥ ಬರೋದು ಅಲ್ಲಿ.

ನನ್ ಸಲಹೆ ಕೇಳಿದ್ರೆ ಮಾರ್ಕ್ 2ಗೆ ಎಂಜಿಎ ಸ್ಟಾಕ್ ಟೈಮಿಂಗಿನ ಕ್ಯಾಮ್ ಒಂದು ಹುಡ್ಕಿ, 56ಕ್ಕೆ ಮುಚ್ಚುತ್ತೆ, ಘಾಟಿಗೂ ಸರಿ. ಇದನ್ನ ಬೇರೆ ಎಂಜಿನ್ ಕಟ್ಟೋ ಯೋಗ ಬಂದ್ರೆ ಅದಕ್ಕೆ ಇಟ್ಕೊಳ್ಳಿ.

ಟೂ ಸ್ಟ್ರೋಕ್ ಮೈಸೂರು:

ಲೆಕ್ಕ ನೋಡಿ ತಲೆ ತಿರುಗ್ತು ಗುರು, ನಮ್ ಯೆಜ್ಡಿನೇ ವಾಸಿ, ಪೋರ್ಟ್ ಉಜ್ಜಿದ್ರೆ ಆಯ್ತು 😂

ಸಕ್ಲೇಶ್ಪುರದ ಅಂಬಿ:

ಅರ್ಥ ಆಯ್ತು ಸರ್, ಬೇಜಾರೇನಿಲ್ಲ, ಶೆಡ್ಡಲ್ಲಿ ಇನ್ನೊಂದು 1489 ಬ್ಲಾಕ್ ಇದೆ, ಅದನ್ನೇ ಮೆಲ್ಲಗೆ ರೇಸ್ ಎಂಜಿನ್ ಮಾಡೋಣ ಅಂತಿದ್ದೀನಿ. ಪಿಸ್ಟನ್ ಬಗ್ಗೆ ಬೇರೆ ಥ್ರೆಡ್ ಹಾಕ್ತೀನಿ. ಈ ಕ್ಯಾಮ್ ಇನ್ನೂ ಹಾಕೋ ಸ್ಥಿತೀಲಿ ಇದ್ಯಾ ಅಂತ ಮಾತ್ರ ಹೇಳಿ, ಒಂದು ಎಕ್ಸಾಸ್ಟ್ 7.3 ಬಂತಲ್ಲ ಅದು ಚಿಂತೆ.

ಹುಬ್ಳಿ ಲೇತ್:

0.1 ಎಂಎಂ ಅಂದ್ರ ಹೆದರಬ್ಯಾಡ್ರಿ, ಆದ್ರ ಆ ಲೋಬ್ ಮೂಗ ಉಗುರಿಲೆ ಸವರಿ ನೋಡ್ರಿ, ಅಂಚಿನ ಕಡೆ ಗೆರಿ ಹತ್ತಿದ್ರ ಇಲ್ಲಾ ಸಣ್ಣ ಸಣ್ಣ ಕುಳಿ ಇದ್ರ ಅದು ಸಾಯಾಕ ಸುರು ಆಗೇತಿ ಅಂತ ತಿಳೀರಿ. ರೀಗ್ರೈಂಡ್ ಕ್ಯಾಮಿನಾಗ ಗಟ್ಟಿ ಪದರಾ ಎಷ್ಟ ಉಳದದ ಅನ್ನೂದು ಮುಖ್ಯ. ಒಂದು ಹೊಸಾ ಸಣ್ಣ ಅರಾ ತಗೊಂಡು ಲೋಬಿನ ಪಕ್ಕದ ಅಂಚಿಗೆ, ಟ್ಯಾಪೆಟ್ ಓಡೂ ಮೈಗೆ ಅಲ್ಲ ಮತ್ತ, ಹಗೂರಕ ಎಳೀರಿ, ಅರಾ ಜಾರಿದ್ರ ಗಟ್ಟಿ ಐತಿ, ಕಚ್ಚಿ ಪುಡಿ ಉದರಿದ್ರ ಮೆತ್ತಗ ಆಗೇತಿ. ಮೂಗಿಗೂ ನೋಡ್ರಿ, ಹಿಂದಿನ ಗುಂಡಿಗೂ ನೋಡ್ರಿ. ಡಿಸ್ಟ್ರಿಬ್ಯೂಟರ್ ತಿರುಗಸೂ ಓರೆ ಹಲ್ಲು ಸವದಿದ್ರ ಇಗ್ನಿಶನ್ ಒಂದ ಕಡೆ ನಿಲ್ಲೂದಿಲ್ಲ, ಅದನ್ನೂ ನೋಡ್ರಿ.

ಟ್ಯಾಪೆಟ್ ಎಂಟೂ ಹೊಸಾವು ಹಾಕ್ರಿ, ಹಳೇವು ಬ್ಯಾಡ. ತಳಾ ಕಣ್ಣಿಗೆ ಸಪಾಟ ಕಂಡ್ರೂ ಸ್ವಲ್ಪ ಉಬ್ಬಿರ್ತದ, ಅದರಿಂದನ ಟ್ಯಾಪೆಟ್ ತಿರುಗತಿರ್ತದ, ಹಳೇವು ತಿರುಗೂದಿಲ್ಲ, ನಿಂತಲ್ಲೇ ಉಜ್ಜಿ ಲೋಬ್ ತಿಂದು ಬಿಡ್ತಾವ. ಬೇಸ್ ಸರ್ಕಲ್ ಎರಡು ಎಂಎಂ ಸಣ್ಣ ಆಗೇತಿ ಅಂದ್ರ ಟ್ಯಾಪೆಟ್ ಒಂದು ಎಂಎಂ ಕೆಳಗ ಕೂಡ್ತದ, ರಾಕರ್ ಸ್ಕ್ರೂ ಪೂರ್ತಿ ಇಳಿಸಿದ್ರೂ ಸಾಲದಿದ್ರ ಉದ್ದ ಪುಷ್ ರಾಡ್ (ಟ್ಯಾಪೆಟ್ಟಿಂದ ರಾಕರ್ ನೂಕೂ ಕಡ್ಡಿ) ಬೇಕಾಗ್ತದ. ವಾಲ್ವ್ ಲಿಫ್ಟ್ ಈಗ 10.5 ಎಂಎಂ, ಸ್ಟಾಕ್ ಸ್ಪ್ರಿಂಗ್ ಅಷ್ಟ ಒತ್ತಿದ್ರ ಸುರಳಿಗಿ ಸುರಳಿ ತಾಗಿ ಗಟ್ಟಿ ಆಗ್ತದೇನೋ ಬೆಂಚ್ ವೈಸಿನಾಗ ಒತ್ತಿ ಅಳದ ನೋಡ್ರಿ, ಒಂದು ಎಂಎಂ ಆದ್ರೂ ಜಾಗಾ ಉಳೀಬೇಕು. ಪಿಸ್ಟನ್ ಮ್ಯಾಲ ಮಕ್ಕಳು ಆಡೂ ಕ್ಲೇ ಇಟ್ಟು ಹೆಡ್ ಕಟ್ಟಿ ಕೈಲೆ ಎರಡು ಸುತ್ತು ತಿರುಗಸ್ರಿ, ವಾಲ್ವ್ ಗುರುತು ಎಷ್ಟ ಆಳ ಬಿದ್ದದ ನೋಡಿ ಫೋಟೋ ಹಾಕ್ರಿ, ಮುಂದಿಂದು ಆಮ್ಯಾಲ ಮಾತಾಡೂಣು.